ಸೋರುವ ಮಾಡಿಗೆ ಯಾವ ಮದ್ದು: ಹೆಂಚು, ತಗಡು ಮತ್ತು ತಾರಸಿ ಲೇಪನಗಳ ಹೋಲಿಕೆ

ಮಲೆನಾಡಿನಲ್ಲಿ ಮತ್ತು ಕರಾವಳಿಯಲ್ಲಿ ಏಪ್ರಿಲ್ ಕಳೆಯುತ್ತ ಬಂದಂತೆ ಮನೆಯ ಯಜಮಾನರಿಗೆ ಮಾಡಿನ ಚಿಂತೆ ಹತ್ತುತ್ತದೆ. ಹಿಂದಿನ ಮಳೆಗಾಲದಲ್ಲಿ ಎಲ್ಲೆಲ್ಲಿ ಪಾತ್ರೆ ಇಟ್ಟಿದ್ದೆವು, ಅಟ್ಟದ ಯಾವ ಮೂಲೆಯ ಹಲಗೆ ಕಪ್ಪಾಗಿತ್ತು ಎಂಬುದೆಲ್ಲ ಆಗ ಒಂದೊಂದಾಗಿ ನೆನಪಾಗುತ್ತದೆ. ಸಲಹೆ ಕೊಡುವವರಿಗೂ ಅದೇ ಸುಗ್ಗಿಯ ಕಾಲ. ಹೆಂಚು ಇಳಿಸಿ ಶೀಟು ಹೊದಿಸಿಬಿಡಿ ಎಂದು ಒಬ್ಬರು, ತಾರಸಿಗೆ ಕೆಮಿಕಲ್ ಬಳಿಸಿ ಎಂದು ಇನ್ನೊಬ್ಬರು, ತಾರಸಿಯ ಮೇಲೆಯೇ ಕಬ್ಬಿಣದ ಕಂಬ ನಿಲ್ಲಿಸಿ ಮತ್ತೊಂದು ಮಾಡು ಕಟ್ಟಿಸಿ ಎಂದು ಮಗದೊಬ್ಬರು ಹೇಳುತ್ತಾರೆ. ಈ ಸಲಹೆಗಳಲ್ಲಿ ಯಾವುದನ್ನೂ ತಪ್ಪೆನ್ನಲಾಗದು. ಆದರೆ ಪ್ರತಿಯೊಬ್ಬರೂ ತಮ್ಮ ಮನೆಗೆ ಒಗ್ಗಿದ್ದನ್ನು ಹೇಳುತ್ತಿರುತ್ತಾರೆಯೇ ಹೊರತು ನಮ್ಮ ಮನೆಯ ಕಾಯಿಲೆಯನ್ನು ನೋಡಿ ಹೇಳುತ್ತಿರುವುದಿಲ್ಲ.

ಕರ್ನಾಟಕದ ಮಟ್ಟಿಗೆ ಎಲ್ಲ ಊರಿಗೂ ಒಪ್ಪುವ ಒಂದೇ ಮದ್ದು ಇರಲು ಸಾಧ್ಯವೂ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಕರಾವಳಿಯಲ್ಲಿ ಅದರ ಅರ್ಧದಷ್ಟು, ಬೆಂಗಳೂರಿನಲ್ಲಿ 1,000 ಮಿ.ಮೀ. ಆಸುಪಾಸು, ವಿಜಯಪುರದ ಕಡೆ ಅದಕ್ಕೂ ಕಡಿಮೆ. ಬೆಂಗಳೂರಿನಲ್ಲಿ ಸಂಜೆ ಸುರಿದ ಮಳೆಗೆ ನೆನೆದ ತಾರಸಿ ಮರುದಿನ ಮಧ್ಯಾಹ್ನದ ಬಿಸಿಲಿಗೆ ಒಣಗುತ್ತದೆ. ತೀರ್ಥಹಳ್ಳಿಯಲ್ಲಿ ಜೂನ್ ಕೊನೆಯ ಆರಿದ್ರಾ ಮಳೆಗೆ ನೆನೆದ ತಾರಸಿ ಮತ್ತೆ ಬಿಸಿಲು ಕಾಣುವಾಗ ಆಗಸ್ಟಿನ ಆಶ್ಲೇಷ ಮಳೆ ಕಳೆದಿರಬಹುದು. ಆದ್ದರಿಂದ ಯಾವ ಮಾಡನ್ನು ಆರಿಸುವಾಗಲೂ ಅದು ನೀರನ್ನು ಎಷ್ಟು ತಡೆಯುತ್ತದೆ ಎಂಬುದರ ಜೊತೆಗೆ, ಹೇಗೋ ಒಳಗೆ ಬಂದ ನೀರು ಒಣಗಿ ಹೋಗಲು ಅದು ದಾರಿ ಬಿಡುತ್ತದೆಯೇ ಎಂದು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಮುಂದಿನ ಹೋಲಿಕೆಯನ್ನೆಲ್ಲ ನಾನು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಮಾಡುತ್ತಿದ್ದೇನೆ.

ನೀರು ಎಲ್ಲಿಂದ ಬರುತ್ತಿದೆ?

ಹಣ ಖರ್ಚು ಮಾಡುವ ಮೊದಲು ತೀರ್ಮಾನವಾಗಬೇಕಾದದ್ದು ಇದು. ಮಾಡಿನಿಂದ ಇಳಿಯುವ ಮಳೆನೀರು, ಗೋಡೆಯ ಮೂಲಕ ಒಳಬರುವ ನೀರು ಮತ್ತು ಮನೆಯೊಳಗಿನ ಉಗಿ ತಣ್ಣನೆಯ ಮೇಲ್ಮೈಗೆ ತಾಗಿ ಹನಿಗಟ್ಟಿದ ನೀರು, ಈ ಮೂರೂ ಕೆಳಗಿನಿಂದ ನೋಡುವವರಿಗೆ ಒಂದೇ ರೀತಿಯ ಕಲೆಯಾಗಿ ಕಾಣುತ್ತವೆ.

ನಮ್ಮ ಮನೆಯ ಹಿಂಭಾಗಕ್ಕೆ ಹೆಂಚು ತೆಗೆಸಿ ತಗಡಿನ ಶೀಟು ಹೊದಿಸಿದ ಮೊದಲ ವರ್ಷವೇ ಅಟ್ಟದಲ್ಲಿ ನೀರು ತೊಟ್ಟಿಕ್ಕತೊಡಗಿತು. ಕೆಲಸ ಮಾಡಿದವರನ್ನು ಎರಡು ಸಲ ಕರೆಸಿದ್ದಾಯಿತು. ಅವರು ಎರಡು ಸಲವೂ ಮೇಲೆ ಹತ್ತಿ ಸ್ಕ್ರೂಗಳ ತಲೆಗೆಲ್ಲ ಅಂಟು ಮೆತ್ತಿ ಹೋದರು. ಮೂರನೆಯ ಸಲ ಸೋರಿದಾಗ ಮಳೆ ನಿಂತು ಎರಡು ದಿನವಾಗಿತ್ತು. ಬೆಳಗಿನ ಆರೂವರೆಗೆ ಟಾರ್ಚು ಹಿಡಿದು ಅಟ್ಟ ಹತ್ತಿ ನೋಡಿದರೆ, ಶೀಟಿನ ಒಳಮೈ ತುಂಬ ಜೋಳದ ಕಾಳಿನಷ್ಟು ದಪ್ಪದ ಹನಿಗಳು ಸಾಲುಗಟ್ಟಿ ನಿಂತಿದ್ದವು. ಇಳಿಜಾರಿಗೆ ಜಾರಿ ಬಂದವು ಅಡ್ಡಪೈಪಿಗೆ ತಾಗಿ, ಅಲ್ಲಿಂದ ಒಂದೊಂದಾಗಿ ಮುಚ್ಚಿಗೆಯ ಹಲಗೆಯ ಮೇಲೆ ಬೀಳುತ್ತಿದ್ದವು. ಅದರ ಕೆಳಗಿನ ಗೋಡೆಯಾಚೆ ಬಚ್ಚಲುಮನೆ. ಹಂಡೆ ಕಾಯುವ ಹೊತ್ತಿಗೆ ಎದ್ದ ಉಗಿ ಗೋಡೆಯ ನೆತ್ತಿಯ ಸಂದಿನಿಂದ ಅಟ್ಟಕ್ಕೆ ನುಗ್ಗಿ, ರಾತ್ರಿಯೆಲ್ಲ ತಣ್ಣಗಾಗಿದ್ದ ತಗಡಿಗೆ ತಾಗಿ ನೀರಾಗುತ್ತಿತ್ತು. ಆ ಸಂದನ್ನು ಮುಚ್ಚಿ ಬಚ್ಚಲಿನ ಉಗಿಗೆ ಹೊರಗೋಡೆಯಲ್ಲಿ ದಾರಿ ಮಾಡಿದ ಮೇಲೆ ಆ 'ಸೋರಿಕೆ' ನಿಂತಿತು. ಶೀಟಿನಲ್ಲಿ ಒಂದೇ ಒಂದು ತೂತೂ ಇರಲಿಲ್ಲ.

ಇದರ ಹಿಂದಿನ ಲೆಕ್ಕ ಸರಳವಾದದ್ದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ತೇವಾಂಶ ಶೇ. 90ರಷ್ಟಿದ್ದರೆ, ಆ ಗಾಳಿ ಸುಮಾರು 23 ಡಿಗ್ರಿಯ ಮೇಲ್ಮೈಗೆ ತಾಗಿದ ಕೂಡಲೇ ಹನಿಗಟ್ಟುತ್ತದೆ. ಅಂದರೆ ಎರಡೇ ಡಿಗ್ರಿಯ ಅಂತರ ಸಾಕು. ಮೋಡವಿಲ್ಲದ ರಾತ್ರಿಯಲ್ಲಿ ತೆಳುವಾದ ತಗಡು ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುವುದರಿಂದ ಮಳೆ ಬಿಡುವು ಕೊಟ್ಟ ದಿನಗಳಲ್ಲೇ ಈ ಕಾಟ ಹೆಚ್ಚು.

ಗುರುತು ಹಿಡಿಯುವ ಕ್ರಮವೂ ಕಷ್ಟದ್ದಲ್ಲ. ಮಳೆ ಬಂದ ಅರ್ಧ ಗಂಟೆಯೊಳಗೆ ತೊಟ್ಟಿಕ್ಕಿದರೆ ಅದು ಮಾಡಿನ ತೂತು. ಮಳೆ ನಿಂತು ಒಂದೆರಡು ದಿನದ ಮೇಲೆ ಕಲೆ ಹರಡಿದರೆ ತಾರಸಿಯ ಪದರಗಳ ಒಳಗೆ ನೀರು ನಿಂತಿದೆ ಎಂದರ್ಥ. ಗಾಳಿ ಒಂದೇ ದಿಕ್ಕಿನಿಂದ ಬೀಸಿದ ದಿನ ಮಾತ್ರ ಒದ್ದೆಯಾದರೆ ಎರಚಲು ಹೊಡೆದು ಗೋಡೆಯಿಂದ ಬಂದ ನೀರೆಂದು ತಿಳಿಯಬಹುದು. ಮಳೆಯೇ ಇಲ್ಲದ ಬೆಳಗಿನಲ್ಲಿ ಕಂಡರೆ ಉಗಿ. ನೀರು ಬಿದ್ದ ಜಾಗದ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ ಎಂಬುದೂ ನೆನಪಿನಲ್ಲಿರಲಿ: ಹೆಂಚಿನ ಮನೆಯಲ್ಲಿ ನೀರು ಪಕಾಸಿನ (ಮಾಡನ್ನು ಹೊರುವ ಇಳಿಜಾರು ಮರದ) ಬೆನ್ನು ಹಿಡಿದು ಐದಾರು ಅಡಿ ಇಳಿದು ಬರುತ್ತದೆ, ತಾರಸಿಯಲ್ಲಿ ವಿದ್ಯುತ್ ಪೈಪಿನೊಳಗೆ ಹೊಕ್ಕು ಇನ್ನೊಂದು ಕೋಣೆಯ ಫ್ಯಾನಿನ ಬುಡದಲ್ಲಿ ತೊಟ್ಟಿಕ್ಕುತ್ತದೆ. ಫ್ಯಾನು ಅಥವಾ ದೀಪದ ಬುಡದಲ್ಲಿ ನೀರು ಕಂಡರೆ ಮೊದಲು ಆ ಸಾಲಿನ ಕರೆಂಟು ತೆಗೆಯಬೇಕು, ಉಳಿದದ್ದೆಲ್ಲ ಆಮೇಲೆ.

ಹೆಂಚನ್ನೇ ಉಳಿಸಿಕೊಳ್ಳುವುದು

ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ತಯಾರಾದ ಮಂಗಳೂರು ಹೆಂಚು, ಅದಕ್ಕೂ ಮೊದಲಿನ ನಾಡಹೆಂಚಿಗಿಂತ ಒಂದು ಮುಖ್ಯ ವಿಷಯದಲ್ಲಿ ಮೇಲಾಗಿತ್ತು. ನಾಡಹೆಂಚನ್ನು ಒಂದರ ಮೇಲೊಂದು ಸುಮ್ಮನೆ ಹೊದಿಸುತ್ತಿದ್ದರು; ಬೆಕ್ಕು ಓಡಾಡಿದರೂ ಸರಿಯುತ್ತಿದ್ದುದರಿಂದ ಪ್ರತಿವರ್ಷ ಮಳೆಗೆ ಮುಂಚೆ ಎಲ್ಲವನ್ನೂ ತೆಗೆದು ಮತ್ತೆ ಜೋಡಿಸಬೇಕಾಗುತ್ತಿತ್ತು. ಮಂಗಳೂರು ಹೆಂಚಿನ ಅಂಚಿನ ಏಣು ಪಕ್ಕದ ಹೆಂಚಿನ ಕೊರೆಯಲ್ಲಿ ಕೂತು ಕಚ್ಚಿಕೊಳ್ಳುತ್ತದೆ, ಅಡಿಯ ಗುಬುಟು ಪಕಾಸಿನ ಮೇಲಿನ ಅಡ್ಡಪಟ್ಟಿಯಾದ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಹೆಂಚು ಒಡೆದರೆ ಅದೊಂದನ್ನೇ ಮೇಲೆತ್ತಿ ಬದಲಿಸಬಹುದು. ಈ ಸೌಲಭ್ಯ ಇವತ್ತಿಗೂ ಶೀಟಿಗಾಗಲಿ ತಾರಸಿಗಾಗಲಿ ಇಲ್ಲ. ಇನ್ನೊಂದು ಗುಣ, ಹೆಂಚುಗಳ ಸಂದಿನಿಂದ ಮಾಡು ಉಸಿರಾಡುತ್ತದೆ. ಮಣ್ಣೂ ಒಂದಿಷ್ಟು ತೇವವನ್ನು ಹೀರಿ ಆಮೇಲೆ ಬಿಟ್ಟುಕೊಡುತ್ತದೆ. ಹೀಗಾಗಿ ಹೆಂಚಿನ ಅಡಿಯಲ್ಲಿ ತಗಡಿನಷ್ಟು ಹನಿಗಟ್ಟುವುದಿಲ್ಲ.

ಹಾಗಿದ್ದರೂ ಹೆಂಚಿನ ಮನೆ ಸೋರುವುದೇಕೆ? ಬಹುತೇಕ ಸಂದರ್ಭಗಳಲ್ಲಿ ತಪ್ಪು ಹೆಂಚಿನದಲ್ಲ, ಅದರ ಕೆಳಗಿನ ಮರದ್ದು. ಪಕಾಸು ನಡುವೆ ಬಾಗಿದರೆ ಅಲ್ಲಿ ಇಳಿಜಾರು ತಗ್ಗುತ್ತದೆ, ಕಚ್ಚು ಸಡಿಲವಾಗಿ ಬಾಯಿ ಬಿಡುತ್ತದೆ, ಗಾಳಿ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಮಳೆ ಜೋರಿರುವ ಊರಿನಲ್ಲಿ ಮಾಡಿಗೆ 30 ಡಿಗ್ರಿಗಿಂತ ಕಡಿಮೆ ಇಳಿಜಾರು ಇರಬಾರದು. ಹೊಸದಾಗಿ ಕಟ್ಟುವವರು ಚೆಂದಕ್ಕೆಂದು ಮಾಡನ್ನು ಚಪ್ಪಟೆ ಮಾಡಿ ಆಮೇಲೆ ಹೆಂಚನ್ನು ದೂರುವುದು ಸಾಮಾನ್ಯವಾಗಿದೆ. ಎರಡನೆಯ ಕಾರಣ ಹಾವಸೆ. ಹೆಂಚುಗಳ ಸಂದಿನಲ್ಲಿ ಬೆಳೆದ ಹಾವಸೆ ಬತ್ತಿಯಂತೆ ನೀರನ್ನು ಹೀರಿ ಒಳಕ್ಕೆ ದಾಟಿಸುತ್ತದೆ. ಮೂರನೆಯದು ಎರಡು ಮಾಡುಗಳು ಕೂಡುವ ಒಳಮೂಲೆಯಲ್ಲಿ ನೀರು ಹರಿಯುವ ತಗಡಿನ ದೋಣಿ. ಅಲ್ಲಿ ಎಲೆ ಸೇರಿ ನೀರು ಉಕ್ಕುತ್ತದೆ, ಇಲ್ಲವೇ ತಗಡು ತುಕ್ಕು ಹಿಡಿದು ಜರಡಿಯಾಗಿರುತ್ತದೆ. ಮಂಗಗಳು, ಉದುರುವ ತೆಂಗಿನಕಾಯಿ, ಮಾಡಿಗೆ ಬಾಗಿದ ಮರದ ಕೊಂಬೆ ಇವುಗಳ ಪಾಲು ಬೇರೆ. ಮಂಗಗಳ ಹಿಂಡು ವಾರಕ್ಕೊಮ್ಮೆ ಬಂದು ಹೋಗುವ ಮನೆಗೆ ಹೆಂಚು ಎಷ್ಟು ಒಳ್ಳೆಯದೆಂದು ಹೇಳಿದರೂ ಯಜಮಾನರು ಕೇಳುವುದಿಲ್ಲ, ಅವರು ಕೇಳದಿರುವುದೂ ಸರಿಯೇ.

ಹೆಂಚು ಉಳಿಸಿಕೊಳ್ಳಲು ತೀರ್ಮಾನಿಸಿದವರು ಏಪ್ರಿಲ್ ಒಳಗೆ ಪೂರ್ತಿ ಇಳಿಸಿ, ಹಿಂಬದಿಯ ಹಾವಸೆಯನ್ನೂ ಉಜ್ಜಿ, ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಟಣ್ ಎಂದರೆ ಗಟ್ಟಿ. ಬೊದ್ದು ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿದೆ ಎಂದು ಪಕ್ಕಕ್ಕಿಡಬೇಕು. ಬದಲಿ ಹೆಂಚು ತರುವಾಗ ಹಿಂಬದಿಯಲ್ಲಿ ಅಚ್ಚೊತ್ತಿರುವ ಕಾರ್ಖಾನೆಯ ಹೆಸರು ನೋಡಿ ತರಬೇಕು. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಕಚ್ಚಿಗೆ ಸರಿಯಾಗಿ ಕೂರುವುದಿಲ್ಲ, ಕೂತಂತೆ ಕಂಡರೂ ಕೂದಲೆಳೆಯ ಸಂದು ಉಳಿಯುತ್ತದೆ. ಹಲವು ಹಳೆಯ ಕಾರ್ಖಾನೆಗಳು ಮುಚ್ಚಿರುವುದರಿಂದ ಹಳೆ ಮನೆ ಕೆಡವುವಲ್ಲಿ ಸಿಗುವ ಹೆಂಚನ್ನು ಕೊಂಡು ನೂರಿನ್ನೂರು ತೋಟದ ಮನೆಯಲ್ಲಿ ಪೇರಿಸಿಡುವುದು ಜಾಣತನ. ಬಣ್ಣ ಬಳಿಯುವುದಾದರೆ ಮೇಲ್ಮೈಗೆ ಮಾತ್ರ ಬಳಿಯಬೇಕು. ಎರಡೂ ಬದಿ ಬಳಿದರೆ ಹೀರಿದ ನೀರು ಹೊರಹೋಗಲು ದಾರಿಯಿರುವುದಿಲ್ಲ. ನೆತ್ತಿಯ ಹೆಂಚಿಗೆ ಬರಿ ಸಿಮೆಂಟು ಮೆತ್ತುವುದು ಬಿಸಿಲಿಗೆ ಬಿರಿಯುವ ಕೆಲಸ. ಸುಣ್ಣ ಬೆರೆಸಿದ ಗಾರೆ ಹೆಚ್ಚು ಬಾಳುತ್ತದೆ.

ಹೆಂಚಿನ ನಿಜವಾದ ಖರ್ಚು ಕೂಲಿಯದು. ಹೆಂಚಿನ ಮಾಡಿನ ಮೇಲೆ ಹೆಜ್ಜೆ ಇಡುವುದು ಎಲ್ಲಿ ಎಂದು ಗೊತ್ತಿರುವ ಕೆಲಸಗಾರರು ಕಡಿಮೆಯಾಗಿದ್ದಾರೆ, ಗೊತ್ತಿಲ್ಲದವರನ್ನು ಹತ್ತಿಸಿದರೆ ಹತ್ತು ಹೆಂಚು ರಿಪೇರಿಗೆ ಇಪ್ಪತ್ತು ಒಡೆಯುತ್ತವೆ.

ತಗಡಿನ ಶೀಟು

ತೂಕದಿಂದಲೇ ಹೋಲಿಕೆ ಆರಂಭಿಸಬಹುದು. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು, ಒಂದೊಂದು ಎರಡೂವರೆ ಕೆ.ಜಿ. ಎಂದರೂ 37 ಕೆ.ಜಿ. ಆಗುತ್ತದೆ. ಅರ್ಧ ಮಿ.ಮೀ. ದಪ್ಪದ ಶೀಟು ಅದೇ ಜಾಗಕ್ಕೆ 5 ಕೆ.ಜಿ. ಆಸುಪಾಸು. ಮರ ಸೊರಗಿದ ಮನೆಗೆ ಇದು ದೊಡ್ಡ ಉಪಕಾರ. ಆದರೆ ಹಗುರವಾದದ್ದನ್ನು ಗಾಳಿ ಎತ್ತುತ್ತದೆ; ಹೆಂಚು ತನ್ನ ಭಾರಕ್ಕೇ ಕೂತಿರುತ್ತದೆ, ಶೀಟನ್ನು ಕಟ್ಟಿಹಾಕಬೇಕು. ಬರಿ ಶೀಟನ್ನು ಪೈಪಿಗೆ ಬಿಗಿದರೆ ಸಾಲದು, ಪೈಪಿನ ಚೌಕಟ್ಟನ್ನು ಗೋಡೆಗೆ ಬೋಲ್ಟು ಹಾಕಿ ಹಿಡಿಸಿರಬೇಕು.

ಈಗ ಹೆಚ್ಚಾಗಿ ಸಿಗುವುದು ಗ್ಯಾಲ್ವಾಲ್ಯೂಮ್ ಶೀಟು, ಅಂದರೆ ಉಕ್ಕಿನ ಮೇಲೆ ಸುಮಾರು ಶೇ. 55 ಅಲ್ಯುಮಿನಿಯಂ ಮತ್ತು ಉಳಿದದ್ದು ಬಹುಪಾಲು ಸತುವಿನ ಲೇಪನವಿರುವಂಥದ್ದು. ಅಂಗಡಿಯವರು ಬಣ್ಣ ತೋರಿಸುತ್ತಾರೆ. ನೀವು ಕೇಳಬೇಕಾದದ್ದು ದಪ್ಪ ಮತ್ತು ಲೇಪನದ ತೂಕ. ಚದರ ಮೀಟರಿಗೆ 150 ಗ್ರಾಂ ಲೇಪನವಿರುವುದನ್ನೇ ಮಳೆನಾಡಿನವರು ಕೇಳಿ ಪಡೆಯುವುದು ಒಳ್ಳೆಯದು. ಸಮುದ್ರದ ಉಪ್ಪುಗಾಳಿ ನೇರವಾಗಿ ತಾಗುವ ಮನೆಗೆ ಅದೂ ಬೇಗ ಸೋಲುವುದರಿಂದ ಅಂಥಲ್ಲಿ ಅಲ್ಯುಮಿನಿಯಂ ಶೀಟು ಅಥವಾ ಹೆಂಚೇ ವಾಸಿ.

ಶೀಟು ಸೋರುವುದು ಶೀಟಿನಲ್ಲಲ್ಲ, ಸ್ಕ್ರೂವಿನಲ್ಲಿ. ಸ್ಕ್ರೂವಿನ ಕೆಳಗಿನ ರಬ್ಬರು ಬಿಲ್ಲೆ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಬಿಗಿಯುವಾಗ ಯಂತ್ರದಿಂದ ಅತಿಯಾಗಿ ತಿರುಗಿಸಿದರೆ ಅದು ಮೊದಲ ದಿನವೇ ಹರಿದಿರುತ್ತದೆ. ಬಿಲ್ಲೆ ಲೋಹದ ಅಂಚಿನಿಂದ ತುಸುವೇ ಹೊರಗೆ ಉಬ್ಬಿ ಕಾಣುವಷ್ಟು ಮಾತ್ರ ಬಿಗಿಯಬೇಕು. ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಕೂರಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ. ಕೊರೆದಾಗ ಉದುರುವ ಕಬ್ಬಿಣದ ಚೂರುಗಳನ್ನು ಅದೇ ಸಂಜೆ ಗುಡಿಸಿಸಬೇಕು, ಇಲ್ಲವಾದರೆ ಒಂದೇ ಮಳೆಗೆ ಅವು ತುಕ್ಕಾಗಿ ಶೀಟಿನ ಮೇಲೆ ಕೆಂಪು ಚುಕ್ಕೆಗಳಾಗಿ ಕೂರುತ್ತವೆ. ಗೋಡೆಗೂ ಶೀಟಿಗೂ ನಡುವಿನ ಸಂದನ್ನು ಸಿಮೆಂಟಿನಿಂದ ಮುಚ್ಚುವ ಅಭ್ಯಾಸ ನಮ್ಮ ಮೇಸ್ತ್ರಿಗಳಿಗಿದೆ. ಹಸಿ ಸಿಮೆಂಟಿನ ಕ್ಷಾರ ಅಲ್ಯುಮಿನಿಯಂ ಇರುವ ಲೇಪನವನ್ನು ತಿನ್ನುತ್ತದೆ. ಆ ಜಾಗಕ್ಕೆ ಗೋಡೆಯಲ್ಲಿ ಗೀರು ತೆಗೆದು ತಗಡಿನ ಪಟ್ಟಿ ಕೂರಿಸುವುದೇ ಸರಿಯಾದ ಕ್ರಮ.

ಮಳೆಯ ಸದ್ದು ಮತ್ತು ಬೇಸಿಗೆಯ ಕಾವು ಎಲ್ಲರಿಗೂ ಗೊತ್ತಿರುವ ದೋಷಗಳು. ಅವಕ್ಕೂ ಹನಿಗಟ್ಟುವಿಕೆಗೂ ಸೇರಿ ಒಂದೇ ಪರಿಹಾರವಿದೆ: ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ ಫೋಮನ್ನು ಶೀಟಿನ ಒಳಮೈಗೆ ಒತ್ತಿ ಹಿಡಿಸುವುದು, ಅಥವಾ ಎರಡು ತಗಡುಗಳ ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ಲನ್ನೇ ಹಾಕಿಸುವುದು. ಎರಡನೆಯದು ದುಬಾರಿ. ಹಾಕುವಾಗಲೇ ಮಾಡಿಸಿದರೆ ಮೊದಲನೆಯದರ ಖರ್ಚು ಅಷ್ಟೇನೂ ಭಾರವಲ್ಲ. ಆಮೇಲೆ ಮಾಡಿಸಹೋದರೆ ಶೀಟು ಕಳಚಬೇಕಾಗುತ್ತದೆ.

ಸಿಮೆಂಟು ಶೀಟಿನ ಬಗ್ಗೆ ಒಂದೇ ಮಾತು: ಹಳೆಯವುಗಳಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಅವನ್ನು ಗರಗಸದಿಂದ ಕುಯ್ಯುವುದು, ಒಣಗಿದ್ದಾಗ ಉಜ್ಜುವುದು ಶ್ವಾಸಕೋಶಕ್ಕೆ ಅಪಾಯಕರ. ತೆಗೆಸುವುದಾದರೆ ನೀರು ಚಿಮುಕಿಸಿ, ಒಡೆಯದೆ ಇಡಿಯಾಗಿ ಇಳಿಸಬೇಕು.

ತಾರಸಿಗೆ ಏನು ಬಳಿಯುವುದು?

ಆರ್‌ಸಿಸಿ (ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟಿನ) ತಾರಸಿ ಸೋರುವುದಿಲ್ಲವೆಂಬ ನಂಬಿಕೆಯಿಂದ ಎಷ್ಟೋ ಜನ ಹೆಂಚಿನ ಮನೆ ಕೆಡವಿ ತಾರಸಿ ಹಾಕಿಸಿದರು. ಆದರೆ ಕಾಂಕ್ರೀಟು ಬಿಸಿಲಿಗೆ ಹಿಗ್ಗುತ್ತದೆ, ಮಳೆಗೆ ಕುಗ್ಗುತ್ತದೆ. 10 ಮೀಟರ್ ಉದ್ದದ ತಾರಸಿ 30 ಡಿಗ್ರಿಯಷ್ಟು ಉಷ್ಣತೆ ಏರಿಳಿದಾಗ ಸುಮಾರು 3 ಮಿ.ಮೀ. ಅಲುಗಾಡುತ್ತದೆ. ಅದರ ಮೇಲೆ ಬಿಗಿಯಾಗಿ ಕೂತ ಸಿಮೆಂಟಿನ ತೆಳು ಲೇಪ ಈ ಎಳೆದಾಟ ತಾಳದೆ ಬಿರಿಯುತ್ತದೆ. ಬಿರುಕಿನಿಂದ ಇಳಿದ ನೀರು ಕಂಬಿಗೆ ತಾಗಿ ತುಕ್ಕಾದಾಗ, ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನೇ ಒಳಗಿನಿಂದ ಒಡೆಯುತ್ತದೆ. ಸೂರಿನಿಂದ ಚಕ್ಕೆ ಉದುರಿ ಕಂಬಿ ಕಾಣಿಸಿಕೊಂಡ ಹಂತಕ್ಕೆ ಬಂದ ಮೇಲೆ ಯಾವ ಬಳಿತವೂ ಪ್ರಯೋಜನವಿಲ್ಲ, ಎಂಜಿನಿಯರನ್ನೇ ಕರೆಸಬೇಕು.

ಬಳಿಯುವುದಕ್ಕೂ ಮೊದಲು ಇಳಿಜಾರು ನೋಡಬೇಕು. ಗಾರೆ ಕೆಲಸದವರು ವಾಟ ಎನ್ನುವ ಇದು ಹತ್ತಡಿಗೆ ಒಂದೂವರೆ ಇಂಚಾದರೂ ಇರಬೇಕು. ಸಾವಿರ ಚದರಡಿ ತಾರಸಿಯ ಮೇಲೆ ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ 9,290 ಲೀಟರ್ ನೀರು. ಅಷ್ಟೂ ಹೋಗಲು ಒಂದೇ ಪೈಪು ಇಟ್ಟು, ಅದರ ಬಾಯಿಗೆ ಒಂದು ಹಲಸಿನ ಎಲೆ ಸಿಕ್ಕಿಕೊಂಡರೆ ತಾರಸಿ ಕೆರೆಯಾಗುತ್ತದೆ. ಎಷ್ಟು ಚಿಕ್ಕ ತಾರಸಿಯಾದರೂ ಎರಡು ಬಾಯಿ ಇರಲಿ. ಸೋರಿಕೆ ಹುಟ್ಟುವುದು ಹೆಚ್ಚಾಗಿ ಬಯಲಿನಲ್ಲಲ್ಲ, ಅಂಚಿನಲ್ಲಿ: ಪೈಪಿನ ಬಾಯಿ, ಪ್ಯಾರಾಪೆಟ್ ಗೋಡೆಯ ಬುಡ, ಸೋಲಾರ್ ಹೀಟರಿನ ಕಾಲಿಗೆ ಹೊಡೆದ ಬೋಲ್ಟು, ನೀರಿನ ಟ್ಯಾಂಕಿನ ಅಡಿ.

ಇನ್ನು ಪದಾರ್ಥಗಳ ಹೋಲಿಕೆ. ಬಿಳಿಯ ಅಕ್ರಿಲಿಕ್ ಲೇಪನ ಅಗ್ಗ, ಮನೆಯವರೇ ಬ್ರಶ್ಶಿನಿಂದ ಬಳಿದುಕೊಳ್ಳಬಹುದು, ಬಿಸಿಲನ್ನು ಹಿಂದಕ್ಕೆ ಹೊಡೆದು ಮನೆಯನ್ನು ತಂಪಾಗಿಡುತ್ತದೆ. ನೀರು ಹರಿದು ಹೋಗುವ ತಾರಸಿಗೆ, ಬೆಂಗಳೂರು, ಮೈಸೂರು, ತುಮಕೂರಿನಂಥ ಊರುಗಳಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಮೂರ್ನಾಲ್ಕು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕೆಂಬುದನ್ನು ಒಪ್ಪಿಕೊಂಡರೆ ಸಾಕು. ನೀರು ದಿನಗಟ್ಟಲೆ ನಿಂತರೆ ಇದು ಮೆತ್ತಗಾಗಿ ಹೊಪ್ಪಳಿಕೆಯೆದ್ದು ಸುಲಿಯುತ್ತದೆ, ಆದ್ದರಿಂದ ಮಲೆನಾಡಿನ ಚಪ್ಪಟೆ ತಾರಸಿಗೆ ಹೊಂದದು.

ಪಾಲಿಯುರೆಥೇನ್ ಲೇಪನ, ಕೆಲಸದವರ ಮಾತಿನಲ್ಲಿ ಪಿಯು, ರಬ್ಬರಿನಂತೆ ಹಿಗ್ಗುತ್ತದೆ, ಜೋಡಣೆಯ ಗೆರೆಯಿಲ್ಲದೆ ಒಂದೇ ಹಾಳೆಯಾಗಿ ಕೂರುತ್ತದೆ, ನಿಂತ ನೀರಿಗೂ ಅಕ್ರಿಲಿಕ್ಕಿಗಿಂತ ಚೆನ್ನಾಗಿ ತಡೆಯುತ್ತದೆ. ಬೆಲೆ ಹೆಚ್ಚು. ಅದಕ್ಕಿಂತ ದೊಡ್ಡ ತೊಡಕೆಂದರೆ ತಾರಸಿ ಪೂರ್ತಿ ಒಣಗಿರಬೇಕು. ಒಳಗೆ ತೇವ ಉಳಿದರೆ ಬಿಸಿಲಿಗೆ ಉಗಿಯಾಗಿ ಲೇಪನವನ್ನು ಗುಳ್ಳೆ ಎಬ್ಬಿಸುತ್ತದೆ. ಪರೀಕ್ಷೆ ಸುಲಭ: ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ತಾರಸಿಗೆ ಅಂಟಿಸಿ ಮರುದಿನ ತೆಗೆದು ನೋಡಬೇಕು, ಒಳಮೈಯಲ್ಲಿ ಬೆವರು ಕಂಡರೆ ಇನ್ನೂ ಕಾಯಬೇಕು. ಅಗ್ಗದ ಬಗೆಯವು ಬಿಸಿಲಿಗೆ ಹಳದಿಯಾಗಿ ಪುಡಿಯಾಗುವುದರಿಂದ ಬಿಸಿಲು ತಡೆಯುವ ಮೇಲ್ಪದರವೂ ದರದಲ್ಲಿ ಸೇರಿದೆಯೇ ಎಂದು ಕೇಳಿಕೊಳ್ಳಬೇಕು.

ಎರಡು ಭಾಗ ಬೆರೆಸಿ ಬಳಿಯುವ ಸಿಮೆಂಟು-ಪಾಲಿಮರ್ ಲೇಪನಕ್ಕೆ ಒದ್ದೆ ನೆಲವೂ ನಡೆಯುತ್ತದೆ. ಬಚ್ಚಲು, ಟ್ಯಾಂಕು, ಮೇಲೆ ಟೈಲ್ಸ್ ಬರುವ ಜಾಗಕ್ಕೆ ಅದು ಸರಿ, ಬಿಸಿಲಿಗೆ ಬಿದ್ದುಕೊಂಡಿರುವ ಬಯಲು ತಾರಸಿಗೆ ಅಲ್ಲ. ಬೆಂಕಿಯಿಂದ ಕರಗಿಸಿ ಅಂಟಿಸುವ 3-4 ಮಿ.ಮೀ. ದಪ್ಪದ ಡಾಂಬರಿನ ಹಾಳೆ ಗಟ್ಟಿಮುಟ್ಟಾದದ್ದು. ಹಾಳೆ ಹಾಳೆಗಳ ನಡುವೆ ನಾಲ್ಕು ಇಂಚು ಮೇಲುಹೊದಿಕೆ ಇರಬೇಕು, ಆ ಜೋಡಣೆಯೇ ಅದರ ದುರ್ಬಲ ಜಾಗ. ಒಮ್ಮೆ ಒಂದು ಕಡೆ ನೀರು ಹೊಕ್ಕರೆ ಹಾಳೆಯ ಅಡಿಯಲ್ಲೇ ಹರಿದು ಇನ್ನೆಲ್ಲೋ ಹೊರಬರುವುದರಿಂದ ತೂತು ಹುಡುಕುವುದು ಪ್ರಯಾಸದ ಕೆಲಸ.

ಇಟ್ಟಿಗೆ ಜಲ್ಲಿ ಹಾಸುವ ಹಳೆಯ ಕ್ರಮಕ್ಕೆ ಈಗಲೂ ಅಭಿಮಾನಿಗಳಿದ್ದಾರೆ. ಇಳಿಜಾರೂ ಸಿಗುತ್ತದೆ, ತಂಪೂ ಸಿಗುತ್ತದೆ. ಆದರೆ ನಾಲ್ಕು ಇಂಚಿನ ಹಾಸು ಚದರ ಮೀಟರಿಗೆ ಸುಮಾರು 180 ಕೆ.ಜಿ. ಭಾರ ಹೇರುತ್ತದೆ; ನೂರು ಚದರಡಿಯ ಒಂದು ಚದರಕ್ಕೆ ಒಂದೂವರೆ ಟನ್ನಿಗಿಂತ ಕಡಿಮೆಯಿಲ್ಲ. ಮೂಲದಲ್ಲಿ ಅದಕ್ಕೆಂದೇ ಕಟ್ಟಿರದ ಹಳೆಯ ತಾರಸಿಯ ಮೇಲೆ ಇದನ್ನು ಹೇರಬಾರದು. ಮೇಲೆ ಬಿರುಕು ಬಿಟ್ಟರೆ ಆ ಇಟ್ಟಿಗೆ ಹಾಸು ಸ್ಪಂಜಿನಂತೆ ನೀರು ಕುಡಿದು ದೀಪಾವಳಿಯವರೆಗೂ ತೊಟ್ಟಿಕ್ಕುತ್ತಿರುತ್ತದೆ.

ಸೂರಿನ ಒಳಬದಿಯಿಂದ ಬಳಿಯುವ 'ವಾಟರ್‌ಪ್ರೂಫ್' ಬಣ್ಣಗಳನ್ನು ನಾನು ಈ ಹೋಲಿಕೆಯಲ್ಲಿ ಸೇರಿಸುವುದೇ ಇಲ್ಲ. ಅವು ಕಲೆಯನ್ನು ಮುಚ್ಚುತ್ತವೆ, ನೀರನ್ನು ಕಂಬಿಯ ಪಕ್ಕದಲ್ಲೇ ಕೂಡಿಹಾಕುತ್ತವೆ.

ತಾರಸಿಯ ಮೇಲೊಂದು ಮಾಡು

ಮಳೆ 3,000 ಮಿ.ಮೀ. ದಾಟುವ ಊರುಗಳಲ್ಲಿ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುವುದು ಈಗ ಮನೆಮನೆಯ ಪದ್ಧತಿಯಾಗಿದೆ. ಬಳಿತಕ್ಕಿಂತ ಖರ್ಚು ಹಲವು ಪಟ್ಟು. ಹಾಗಿದ್ದರೂ ಅಂಥ ಊರುಗಳಿಗೆ ನನ್ನ ಒಲವು ಇದರತ್ತಲೇ, ಏಕೆಂದರೆ ತಾರಸಿಗೆ ಮಳೆ, ಬಿಸಿಲು ಎರಡೂ ತಾಗುವುದಿಲ್ಲ, ನಡುವೆ ಗಾಳಿಯಾಡುವುದರಿಂದ ಹನಿಗಟ್ಟಿದ್ದೂ ಒಣಗುತ್ತದೆ, ಮಳೆಗಾಲದಲ್ಲಿ ಬಟ್ಟೆ ಒಣಹಾಕಲು, ಕೊಯ್ಲಿನ ಹೊತ್ತಿಗೆ ಅಡಿಕೆ ಹರಡಲು ಜಾಗವೂ ಸಿಗುತ್ತದೆ. ಎರಡು ಎಚ್ಚರಿಕೆಗಳು ಮಾತ್ರ ಬೇಕು. ಕಂಬದ ಬುಡವನ್ನು ಸೀದಾ ತಾರಸಿಗೆ ಬೋಲ್ಟು ಹೊಡೆದು ನಿಲ್ಲಿಸಿದರೆ ಆ ತೂತುಗಳೇ ಹೊಸ ಸೋರಿಕೆಗಳಾಗುತ್ತವೆ. ಪ್ಯಾರಾಪೆಟ್ಟಿನ ಮೇಲೋ ಎತ್ತರಿಸಿದ ಕಾಂಕ್ರೀಟು ಕಟ್ಟೆಯ ಮೇಲೋ ನಿಲ್ಲಿಸಬೇಕು. ಶೀಟಿನ ಅಂಚು ಗೋಡೆಯಿಂದ ಎರಡು ಅಡಿಯಾದರೂ ಹೊರಚಾಚಿರಬೇಕು, ಇಲ್ಲವೆಂದರೆ ಎರಚಲಿಗೆ ಗೋಡೆ ನೆನೆಯುವುದು ತಪ್ಪುವುದಿಲ್ಲ. ಮಹಡಿ ಎತ್ತರಿಸಿದಂತೆ ಕಂಡರೆ ಸ್ಥಳೀಯ ಆಡಳಿತದ ಅನುಮತಿಯ ಪ್ರಶ್ನೆ ಬರಬಹುದಾದ್ದರಿಂದ ಮೊದಲೇ ವಿಚಾರಿಸುವುದು ಲೇಸು.

ಇಳಿಜಾರಾಗಿ ಕಾಂಕ್ರೀಟು ಹಾಕಿ ಅದರ ಮೇಲೆ ಅಲಂಕಾರಕ್ಕೆ ಹೆಂಚು ಅಂಟಿಸುವ ಮಾಡು ನೋಡಲು ಚೆಂದ. ಹೆಂಚಿಗೂ ಕಾಂಕ್ರೀಟಿಗೂ ನಡುವಿನ ಗಾರೆ ಮಳೆಗಾಲವಿಡೀ ಒದ್ದೆಯಾಗಿರುತ್ತದೆ. ಮಾಡಿಸಲೇಬೇಕೆಂದಿದ್ದರೆ ಕಾಂಕ್ರೀಟಿಗೆ ಮೊದಲು ಲೇಪನ ಕೊಟ್ಟು, ಹೆಂಚನ್ನು ಗಾರೆಯಲ್ಲಿ ಹುದುಗಿಸದೆ ಪಟ್ಟಿಗಳ ಮೇಲೆ ಕೂರಿಸಿ, ನಡುವೆ ಗಾಳಿಗೆ ಜಾಗ ಬಿಡಬೇಕು.

ಅಟ್ಟದ ತೇವ

ಮರದ ತೇವಾಂಶ ಶೇ. 20ಕ್ಕಿಂತ ಕೆಳಗಿರುವವರೆಗೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಹಿಂದಿನ ಮನೆಗಳಲ್ಲಿ ಮರವನ್ನು ಒಣಗಿಸಿಡುವ ಕೆಲಸವನ್ನು ಒಲೆಯ ಹೊಗೆ ಮಾಡುತ್ತಿತ್ತು. ದಿನವಿಡೀ ಉರಿಯುವ ಒಲೆಯ ಕಾವು ಅಟ್ಟವನ್ನು ಬೆಚ್ಚಗಿಡುತ್ತಿತ್ತು, ಮಸಿ ಕಟ್ಟಿದ ಪಕಾಸಿಗೆ ಹುಳು ಬೀಳುತ್ತಿರಲಿಲ್ಲ. ಅಟ್ಟದಲ್ಲಿಟ್ಟ ಅಡಿಕೆ, ಬೆಲ್ಲ, ಬಿತ್ತನೆ ಬೀಜ ಮಳೆಗಾಲ ದಾಟುತ್ತಿದ್ದವು. ಗ್ಯಾಸು ಬಂದ ಮೇಲೆ ಅಡುಗೆಮನೆಯ ಕಣ್ಣುರಿ ತಪ್ಪಿತು, ಅದು ಬಹಳ ದೊಡ್ಡ ಲಾಭ. ಆದರೆ ಅದೇ ಅಟ್ಟ ಈಗ ತಣ್ಣಗಾಗಿ ಬೂಷ್ಟು ಹಿಡಿಯುತ್ತದೆ, ಮತ್ತು ನಾವು ಅದಕ್ಕೆ ಬದಲಿ ವ್ಯವಸ್ಥೆ ಮಾಡಲಿಲ್ಲ.

ಬದಲಿ ಎಂದರೆ ಗಾಳಿ. ಮಾಡಿನ ಎರಡೂ ಬದಿಯ ತ್ರಿಕೋನ ಗೋಡೆಗಳಲ್ಲಿ ಎದುರುಬದುರಾಗಿ ಕಿಂಡಿ ಬಿಟ್ಟು, ಬಾವಲಿ, ಇಲಿ ಬಾರದಂತೆ ಜಾಲರಿ ಹಾಕಿಸಬೇಕು. ಜಡಿಮಳೆಯ ದಿನ ಹೊರಗಿನ ಗಾಳಿಯೂ ಒದ್ದೆಯೇ ಆಗಿರುವುದರಿಂದ ಅದರಿಂದ ಒಣಗುತ್ತದೆಂದು ಭ್ರಮಿಸಬಾರದು; ಬಿಡುವಿನ ದಿನಗಳಲ್ಲಿ ಅದು ಕೆಲಸ ಮಾಡುತ್ತದೆ. ಬಚ್ಚಲು ಮತ್ತು ಅಡುಗೆಮನೆಯ ಉಗಿ ಅಟ್ಟಕ್ಕೆ ಹೋಗದಂತೆ ಸಂದು ಮುಚ್ಚುವುದು ಇದಕ್ಕಿಂತ ಮುಖ್ಯ. ತೊಟ್ಟಿಕ್ಕುವ ನೀರು ಹಿಡಿಯಲೆಂದು ಮುಚ್ಚಿಗೆಯ ಮೇಲೆ ಟಾರ್ಪಾಲು ಹಾಸುವವರಿದ್ದಾರೆ. ಒಂದು ವಾರಕ್ಕೆ ಅದು ಸರಿ. ಇಡೀ ಮಳೆಗಾಲ ಬಿಟ್ಟರೆ ಅದರ ಅಡಿಯ ಹಲಗೆ ಬೆವರಿ ಕೊಳೆಯುತ್ತದೆ. ಪೆಟ್ಟಿಗೆ, ಪುಸ್ತಕ, ಕಂಚಿನ ಪಾತ್ರೆ ಏನಿಟ್ಟರೂ ಗೋಡೆಯಿಂದ ಒಂದು ಗೇಣು ದೂರ, ಹಲಗೆಯಿಂದ ಎರಡು ಇಂಚು ಮೇಲೆ ಇಡಬೇಕು. ಪಕಾಸಿನ ತುದಿ ಗೋಡೆಯೊಳಗೆ ಹೊಕ್ಕಿರುವ ಜಾಗವನ್ನು ವರ್ಷಕ್ಕೊಮ್ಮೆ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಮೊನೆ ಬೆಣ್ಣೆಗೆ ಇಳಿದಂತೆ ಇಳಿದರೆ ಆ ಪಕಾಸಿನ ಕಾಲ ಮುಗಿಯಿತು. ಗಟ್ಟಿಯಿದ್ದರೆ ಕರಾವಳಿಯವರ ಪದ್ಧತಿಯಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಬಹುದು. ಆ ಎಣ್ಣೆ ಚರ್ಮ ಸುಡುತ್ತದೆ, ಕೈಗವಸು ಬೇಕೇಬೇಕು.

ಯಾರಿಗೆ ಯಾವುದು?

ಮರ ಗಟ್ಟಿಯಿದ್ದು, ಇಳಿಜಾರು ಸರಿಯಿದ್ದು, ಹೆಂಚು ಹತ್ತಲು ಬಲ್ಲವರು ಊರಿನಲ್ಲಿದ್ದರೆ ಹೆಂಚು ಬಿಡುವ ಕಾರಣವಿಲ್ಲ. ಮರ ಸೊರಗಿದ್ದರೆ, ಮಂಗಗಳ ಕಾಟ ಹೆಚ್ಚಿದ್ದರೆ, ಮನೆಯಲ್ಲಿ ವಯಸ್ಸಾದವರಿಬ್ಬರೇ ಇದ್ದು ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದರೆ ಒಳಪದರವಿರುವ ಶೀಟು ಹಾಕಿಸುವುದೇ ನೆಮ್ಮದಿ. ಬಯಲುಸೀಮೆಯ ತಾರಸಿಗೆ ಇಳಿಜಾರು ಸರಿಪಡಿಸಿ ಅಕ್ರಿಲಿಕ್, ಕೈಯಲ್ಲಿ ಹಣವಿದ್ದರೆ ಪಿಯು. ಮಳೆನಾಡಿನ ತಾರಸಿಗೆ ಮೇಲ್ಮಾಡು. ಈ ವರ್ಷ ಹಣ ಒದಗದಿದ್ದರೆ ಪೈಪಿನ ಬಾಯಿ ಮತ್ತು ಪ್ಯಾರಾಪೆಟ್ಟಿನ ಬುಡಕ್ಕಷ್ಟೇ ಪಿಯು ಬಳಿಸಿ ಒಂದೆರಡು ಮಳೆಗಾಲ ದೂಡಬಹುದು.

ಕೆಲಸಕ್ಕೆ ಫೆಬ್ರುವರಿ, ಮಾರ್ಚ್ ತಿಂಗಳುಗಳೇ ಸರಿ. ಮೇ ಕೊನೆಗೆ ಮೋಡ ಕವಿದಾಗ ಕರೆದರೆ ದರವೂ ಹೆಚ್ಚು, ತಾರಸಿಯೂ ಒಣಗಿರುವುದಿಲ್ಲ. ಲೇಪನದ ಕೆಲಸವಾದರೆ ಪೂರ್ತಿ ಹಣ ಕೊಡುವ ಮುನ್ನ ಪೈಪಿನ ಬಾಯಿ ಕಟ್ಟಿ ಒಂದು ಇಂಚು ನೀರನ್ನು 48 ಗಂಟೆ ನಿಲ್ಲಿಸಿ ನೋಡುವ ಷರತ್ತನ್ನು ಮೊದಲೇ ಬರೆದುಕೊಳ್ಳಬೇಕು. ಒಂದು ಇಂಚು ನೀರೂ ಚದರ ಮೀಟರಿಗೆ 25 ಕೆ.ಜಿ. ಭಾರವಾಗುವುದರಿಂದ ಕಂಬಿ ಕಾಣುವಷ್ಟು ಹಳತಾದ ತಾರಸಿಗೆ ಈ ಪರೀಕ್ಷೆ ಬೇಡ. ಹೆಂಚು ಅಥವಾ ಶೀಟಾದರೆ ಮಧ್ಯಾಹ್ನದ ಬಿಸಿಲಿನಲ್ಲಿ ಅಟ್ಟದ ಕಿಂಡಿ ಮುಚ್ಚಿ ಕತ್ತಲು ಮಾಡಿ ಮೇಲೆ ನೋಡಬೇಕು. ಎಲ್ಲೆಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೆಯೋ ಅಲ್ಲೆಲ್ಲ ಪಕಾಸಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಮೊದಲ ಮಳೆ ಬಿದ್ದ ರಾತ್ರಿ ಟಾರ್ಚು ಹಿಡಿದು ಆ ಗುರುತುಗಳನ್ನೇ ಮತ್ತೊಮ್ಮೆ ನೋಡಿ ಬರಬೇಕು.